ಬೆಲ್ ಒತ್ತಿ ಹೊರಗೆ ನಿಲ್ಲುವ ಮಿಣುಕಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಇಕ್ಕಟ್ಟಾದ ಮೆಟ್ಟಿಲ ಕೊನೆಯಲ್ಲಿ, ಮುಚ್ಚಿದ ಬಾಗಿಲೊಂದರ ಎದುರು, ಖಾಕಿ ಅಂಗಿಯ ಮಧ್ಯವಯಸ್ಕರೊಬ್ಬರು ನಿಂತಿದ್ದಾರೆ. ಪಕ್ಕದಲ್ಲಿ ಮಡಚಿಟ್ಟ ಏಣಿ, ಹೆಗಲಲ್ಲಿ ವೈರಿನ ಸುರುಳಿ, ಜೇಬಿನಲ್ಲಿ ಟೆಸ್ಟರ್, ಕಿವಿಯ ಮೇಲೆ ಪೆನ್ಸಿಲ್. ಆಗಷ್ಟೇ ತಿರುಪು ಬಿಗಿದ ಬೆಲ್ಲಿನ ಗುಂಡಿಯನ್ನು ಅಂಗಿಯ ತುದಿಯಿಂದ ಒರೆಸಿ, ಒಮ್ಮೆ ಒತ್ತಿ, ಕೈಕಟ್ಟಿ ಕಾಯುತ್ತಾರೆ. ಟಿಂಗ್ ಇಲ್ಲ, ಟಾಂಗ್ ಇಲ್ಲ. ಮೆಟ್ಟಿಲ ಮೇಲೆ ಮಲಗಿದ್ದ ಬೆಕ್ಕು ಕೂಡ ತಲೆ ಎತ್ತುವುದಿಲ್ಲ.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯುತ್ತದೆ. ಒಳಗಿಂದ ಇಣುಕಿದ ಹೆಂಗಸು ಮೊದಲು ಅವರನ್ನು ನೋಡುತ್ತಾಳೆ, ಆಮೇಲೆ ತಿರುಗಿ ಛಾವಣಿಯಲ್ಲಿ ಇನ್ನೂ ಮಿಣುಕುತ್ತಿರುವ ಬಲ್ಬನ್ನು ನೋಡುತ್ತಾಳೆ, ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾಳೆ. ಅವಳಿಗೂ ಅವಳ ಗಂಡನಿಗೂ ಕಿವಿ ಕೇಳಿಸದು. ಈ ಮನೆಗೆ ಬಂದು ವರ್ಷಗಳೇ ಆಗಿದ್ದರೂ ಯಾರೋ ಹೊರಗೆ ಬಂದು ನಿಂತಿದ್ದಾರೆಂದು ಗೊತ್ತಾಗಿ ಅವಳು ಬಾಗಿಲು ತೆಗೆದದ್ದು ಇದೇ ಮೊದಲು.

ಖಾಕಿ ಅಂಗಿಯವರು ತಲೆಯಾಡಿಸಿ ಏಣಿ ಎತ್ತಿಕೊಳ್ಳುತ್ತಾರೆ. ಅವರಿಗೂ ಕಿವಿ ಕೇಳಿಸದು. ಊರಿನ ಕಿವುಡರ ಮನೆಗಳಿಗೆಲ್ಲ ಶಬ್ದವಿಲ್ಲದ ಬೆಲ್ ಹಾಕಿಕೊಡುವ ಎಲೆಕ್ಟ್ರಿಷಿಯನ್ ಅವರು. ಹೊರಗೆ ಗುಂಡಿ ಒತ್ತಿದರೆ ಒಳಗೆ ಅಡುಗೆಮನೆಯಲ್ಲಿ, ಹಾಸಿಗೆಯ ಬಳಿ, ಹೊಲಿಗೆ ಯಂತ್ರದ ಮೇಲೆ, ಎಲ್ಲೆಲ್ಲಿ ಮನೆಯವರ ಕಣ್ಣು ಹೋಗುತ್ತದೋ ಅಲ್ಲೆಲ್ಲ ದೀಪ ಮಿಣುಕುತ್ತದೆ. ಕಿವುಡರ ಬಳಗದಲ್ಲಿ ಹೆಸರು ಬಾಯಲ್ಲಿರುವುದಿಲ್ಲ, ಬೆರಳಲ್ಲಿರುತ್ತದೆ. ಸ್ನೇಹಿತರು ಸೇರಿ ಒಬ್ಬೊಬ್ಬರಿಗೂ ಒಂದೊಂದು ಸನ್ನೆ ಕಟ್ಟುತ್ತಾರೆ, ಅದೇ ಹೆಸರು. ಇವರದು ಕಣ್ಣಿನ ಪಕ್ಕ ಬೆರಳುಗಳನ್ನು ಎರಡು ಸಲ ಮುಚ್ಚಿ ತೆರೆಯುವುದು. ಅದನ್ನು ನೋಡಿ ಕಿವಿ ಕೇಳುವ ನೆರೆಹೊರೆಯವರು ಮಿಣುಕಣ್ಣ ಅಂದರು. ಅದೇ ಉಳಿದುಕೊಂಡಿತು.

ಮಿಣುಕಣ್ಣನ ಮಾತನ್ನು ನಮಗೆ ತಲುಪಿಸುವವರು ಅವರ ಹೆಂಡತಿ. ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಗಂಡನ ಕೈ ಓಡಿದ ಹಾಗೆ ಇವರ ಬಾಯಿ ಓಡುತ್ತದೆ, ನಡುನಡುವೆ ಒಗ್ಗರಣೆಯನ್ನೂ ಹಾಕುತ್ತದೆ. "ಅವರು ಹೇಳಿದ್ದು ಇಷ್ಟು, ಮಿಕ್ಕಿದ್ದು ನಂದು," ಎಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತಾರೆ. ಶ್ರವಣದೋಷ ಗಿವಣದೋಷ ಅಂತೆಲ್ಲ ಬರೆಯಬೇಡಿ ಎನ್ನುವುದು ಅವರ ತಾಕೀತು. "ಕಿವುಡ ಅಂತಲೇ ಬರೀರಿ. ಬೈಗುಳ ಅಲ್ಲ ಅದು. ಆ ಕಿವಿ ಪೆನ್ಸಿಲ್ ಸಿಕ್ಕಿಸ್ಕೊಳ್ಳೋಕಾದ್ರೂ ಉಪಯೋಗಕ್ಕೆ ಬರ್ತಿದೆಯಲ್ಲ, ಸಾಕು." ಏನಂದೆ ಎಂದು ಗಂಡ ಕೈಯಲ್ಲೇ ಕೇಳುತ್ತಾರೆ. ಹೆಂಡತಿ ಚಾಚೂ ತಪ್ಪದೆ ಹೇಳುತ್ತಾರೆ. ಇಬ್ಬರೂ ನಗುತ್ತಾರೆ.

ಈ ಕಸುಬಿಗೆ ಮೂಲ ಒಂದು ಮಧ್ಯಾಹ್ನ. ಮಿಣುಕಣ್ಣನಿಗೆ ಆಗ ಹತ್ತು ವರ್ಷವಿರಬೇಕು. ತಂದೆ ಇರಲಿಲ್ಲ, ತಾಯಿ ನೂಲಿನ ಗಿರಣಿಗೆ ಹೋಗುತ್ತಿದ್ದರು. ಹುಡುಗ ಒಳಗಿನಿಂದ ಚಿಲಕ ಹಾಕಿಕೊಂಡು ಮಲಗಿಬಿಟ್ಟ. ಪಾಳಿ ಮುಗಿಸಿ ಬಂದ ತಾಯಿ ಬಾಗಿಲು ತಟ್ಟಿದರು, ಬಡಿದರು, ಒದ್ದರು. ಉಹೂಂ. ಅಕ್ಕಪಕ್ಕದವರು ಬಾಗಿಲು ಮುರಿಯೋಣ ಅಂದರೆ ಆಕೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಹೊಸ್ತಿಲ ಮೇಲೆ ಕೂತು, ಬುಟ್ಟಿಯಲ್ಲಿ ತಂದಿದ್ದ ಸೊಪ್ಪನ್ನು ಬಿಡಿಸುತ್ತ, ಮಗ ತಾನಾಗಿ ಏಳುವವರೆಗೆ ಕಾದರು. ಎದ್ದು ಚಿಲಕ ತೆಗೆದ ಹುಡುಗನಿಗೆ ಕಂಡದ್ದು ಸಂಜೆಯ ಬೆಳಕು ಮತ್ತು ಅಮ್ಮನ ಬೆನ್ನು.

"ಅಮ್ಮ ಬೈಯಲಿಲ್ಲ. ಸೊಪ್ಪಿನ ಬುಟ್ಟಿ ಎತ್ಕೊಂಡು ಒಳಗೆ ಬಂದ್ರು, ಒಲೆ ಹಚ್ಚಿದ್ರು. ಬೈದಿದ್ರೆ ಮರೆತುಬಿಡ್ತಿದ್ನೋ ಏನೋ," ಎನ್ನುತ್ತಾರೆ ಮಿಣುಕಣ್ಣ. ಮುಂದೆ ಎಲೆಕ್ಟ್ರಿಕ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ ಕೈ ಕುದುರಿದ ಮೇಲೆ ಅವರು ಮಾಡಿದ ಮೊದಲ ಕೆಲಸ, ಹಳೆಯ ಸ್ವಿಚ್ಚು, ಹಳೆಯ ಹೋಲ್ಡರ್ ಸೇರಿಸಿ ತಮ್ಮ ಮನೆಗೇ ಒಂದು ದೀಪದ ಬೆಲ್ ಹಾಕಿದ್ದು. ತಾಯಿ ನೀರು ತರಲು ಹೋಗಿ ಬಂದರೂ ಒತ್ತುತ್ತಿದ್ದರಂತೆ, ಬಾಗಿಲು ತೆರೆದೇ ಇದ್ದರೂ ಒತ್ತುತ್ತಿದ್ದರಂತೆ.

ಈ ಊರು ನಾಲ್ಕು ದಿಕ್ಕಿನ ರೈಲು ಬಂದು ಸೇರುವ ಜಾಗ. ಅಂಗಡಿಯ ಬೋರ್ಡುಗಳ ಮೇಲೆ ನಾಲ್ಕು ಲಿಪಿ, ಸಂತೆಯಲ್ಲಿ ಏಳೆಂಟು ಭಾಷೆ. ಗಾರ್ಮೆಂಟ್ಸಿಗೆ, ಬೇಕರಿಗೆ, ಮುದ್ರಣಾಲಯಕ್ಕೆ ದುಡಿಯಲು ಬರುವವರಲ್ಲಿ ಕಿವುಡರೂ ಇದ್ದಾರೆ. ಕಿವುಡರದೆಲ್ಲ ಒಂದೇ ಸನ್ನೆ ಎಂದುಕೊಂಡವರು ಭಾನುವಾರ ಬಸ್‌ನಿಲ್ದಾಣದ ಮೇಲಂತಸ್ತಿಗೆ ಹೋಗಿ ನೋಡಬೇಕು. ಅಲ್ಲಿ ಅವರೆಲ್ಲ ಸೇರುತ್ತಾರೆ. ಒಂದೇ ಬೀದಿಯಲ್ಲಿ ಹುಟ್ಟಿದ ಇಬ್ಬರು ಬೇರೆ ಬೇರೆ ಶಾಲೆಗೆ ಹೋಗಿದ್ದರೆ ಒಬ್ಬರ ಕೈ ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ. ಅಪ್ಪ ಅಮ್ಮಂದಿರ ಭಾಷೆಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ಇನ್ನಿಬ್ಬರು ಒಂದೇ ಕಿವುಡರ ಶಾಲೆಯಲ್ಲಿ ಕಲಿತಿದ್ದರಿಂದ ಅಣ್ಣತಮ್ಮಂದಿರ ಹಾಗೆ ಹರಟುತ್ತಾರೆ. ಬಾಯಿಯ ಭಾಷೆಗಳ ಗಡಿಯೇ ಬೇರೆ, ಕೈಯ ಭಾಷೆಗಳ ಗಡಿಯೇ ಬೇರೆ.

ಒಬ್ಬರನ್ನೊಬ್ಬರು ಕರೆಯುವ ರೂಢಿಯೂ ಹಾಗೇ. ಕೆಲವರು ನೆಲಕ್ಕೆ ಕಾಲು ತಟ್ಟಿ ಕರೆಯುತ್ತಾರೆ, ಕೆಲವರು ಟವೆಲ್ ಬೀಸುತ್ತಾರೆ, ಕೆಲವರು ಲೈಟಿನ ಸ್ವಿಚ್ಚನ್ನು ಹಾಕಿ ಆರಿಸುತ್ತಾರೆ. ಸ್ವಿಚ್ಚಿನ ಮನೆಯಲ್ಲಿ ಬೆಳೆದವಳಿಗೆ ಗಂಡ ಕಾಲು ತಟ್ಟಿದರೆ ಗದರಿದ ಹಾಗಾಗುತ್ತದೆ, ಮೂರು ದಿನ ಮುಖ ಊದಿಸಿಕೊಂಡಿರುತ್ತಾಳೆ. ಅದಕ್ಕೇ ಮಿಣುಕಣ್ಣ ಯಾವ ಮನೆಗೆ ಹೋದರೂ ಏಣಿ ಕೆಳಗಿಡುವ ಮುಂಚೆ ಕೇಳುವ ಪ್ರಶ್ನೆ ಒಂದೇ: "ನಿಮ್ಮನೇಲಿ ಹೇಗೆ ಕರೀತೀರಿ?" ಅದಕ್ಕೆ ಹೊಂದುವ ಹಾಗೆ ದೀಪದ ಮಿಣುಕನ್ನು ಕೂರಿಸುತ್ತಾರೆ. ಒಬ್ಬರಿಗೆ ಪಟಪಟನೆ, ಒಬ್ಬರಿಗೆ ನಿಧಾನಕ್ಕೆ. ಹೊಸ ಬೆಲ್ಲನ್ನು ಮೊದಲು ಒತ್ತುವವರು ಮಾತ್ರ ಅವರೇ. ಮೊದಲ ಬೆಳಕನ್ನು ಮನೆಯವರು ನೋಡಬೇಕು, ತಾನು ಹೊರಗಿರಬೇಕು ಎನ್ನುವುದು ಅವರು ಹಾಕಿಕೊಂಡ ಕಟ್ಟಳೆ. "ಬಾಗಿಲು ತೆಗೆದ್ರೆ ಹತ್ತಿತು ಅಂತ ಲೆಕ್ಕ. ತೆಗೀದಿದ್ರೆ ಮತ್ತೆ ಏಣಿ," ಎನ್ನುತ್ತಾರೆ.

ಇಷ್ಟು ವರ್ಷಗಳಲ್ಲಿ ಅವರು ಹಾಕಿದ ಬೆಲ್ಲುಗಳಿಗೆ ಲೆಕ್ಕವಿಟ್ಟವರಿಲ್ಲ. ನಿದ್ದೆ ಕೆಡಿಸಿದ ದೀಪ ಯಾವುದು ಎಂದರೆ ಮಾತ್ರ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬೇಕರಿಯವನ ಮನೆಯ ಕಡೆಗೆ ಕೈ ತೋರಿಸುತ್ತಾರೆ.

ಬೇಕರಿಯಲ್ಲಿ ಬ್ರೆಡ್ ಮಾಡುವ ಆ ಹುಡುಗನೂ ಗಾರ್ಮೆಂಟ್ಸಿನಲ್ಲಿ ಬಟ್ಟೆ ಮಡಚುವ ಅವನ ಹೆಂಡತಿಯೂ ಕಿವುಡರು. ಇಬ್ಬರದೂ ಬೇರೆ ಬೇರೆ ನಾಡು, ಬೇರೆ ಬೇರೆ ಸನ್ನೆ. ಬಸ್‌ನಿಲ್ದಾಣದ ಮೇಲಂತಸ್ತಿನಲ್ಲಿ ಪರಿಚಯವಾಗಿ, ಎರಡೂ ಸನ್ನೆ ಬೆರೆಸಿ ಮನೆಗೊಂದು ಮಾತು ಕಟ್ಟಿಕೊಂಡು ಸಂಸಾರ ಹೂಡಿದವರು. ಒಂದು ಹೆಣ್ಣು ಮಗುವಾಯಿತು. ಮಗುವಿಗೆ ಕಿವಿ ಕೇಳಿಸುತ್ತದೆ ಎಂದು ಗೊತ್ತಾದದ್ದೇ ತಡ, ಹೆಂಡತಿಯ ತಾಯಿ ದೂರದ ಊರಿಂದ ರೈಲು ಹತ್ತಿದರು. ಕೈಯಲ್ಲಿ ಎರಡು ಚೀಲ. ಒಂದು ಅವರದು. ಇನ್ನೊಂದು ಖಾಲಿ, ಮಗುವಿನ ಬಟ್ಟೆ ತುಂಬಿಕೊಂಡು ಹೋಗಲು ತಂದದ್ದು.

ಅಜ್ಜಿ ಮಗಳ ಸನ್ನೆ ಕಲಿತವರಲ್ಲ. ಊಟ, ನಿದ್ದೆ, ಬಾ, ಹೋಗು ಇಷ್ಟರಲ್ಲೇ ಮಗಳನ್ನು ಸಾಕಿದವರು. ಆದ್ದರಿಂದ ಅವರ ಮಾತನ್ನು ದಾಟಿಸಲು ಮಿಣುಕಣ್ಣನ ಹೆಂಡತಿಗೇ ಕರೆ ಬಂತು. ಅಜ್ಜಿಯ ಭಾಷೆ ಇವರಿಗೆ ಗೊತ್ತು. "ಈ ಊರಲ್ಲಿ ತರಕಾರಿ ತಗೊಳ್ಳೋಕೇ ಮೂರು ಭಾಷೆ ಬೇಕು, ಚೌಕಾಸಿಗೆ ನಾಲ್ಕನೇದು," ಎನ್ನುತ್ತಾರೆ ಅವರು. ಅಂದು ಅಜ್ಜಿ ಸುತ್ತಿ ಬಳಸದೆ ಹೇಳಿದರಂತೆ: "ಮಗು ಅತ್ರೆ ಇಬ್ಬರಿಗೂ ಕೇಳಿಸಲ್ಲ. ಉಸಿರು ಕಟ್ಟಿದ್ರೂ ಗೊತ್ತಾಗಲ್ಲ. ನಾನು ಕರ್ಕೊಂಡು ಹೋಗ್ತೀನಿ. ದೊಡ್ಡೋಳಾದ ಮೇಲೆ ಕಳಿಸ್ತೀನಿ." ಮಗಳು ಮಗುವನ್ನು ಎದೆಗವಚಿಕೊಂಡು ಗೋಡೆಯ ಕಡೆ ತಿರುಗಿಬಿಟ್ಟಳು. ಕಿವುಡರ ಮನೆಯಲ್ಲಿ ಬೆನ್ನು ತಿರುಗಿಸಿದರೆ ಮಾತು ಅಲ್ಲಿಗೆ ಮುಗಿಯಿತು.

ಕೊನೆಗೆ ಬೇಕರಿಯ ಅಳಿಯ ಅತ್ತೆಯ ಕಾಲು ಹಿಡಿಯುವುದೊಂದು ಬಾಕಿ. ತೊಟ್ಟಿಲಿಗೂ ದೀಪ ಹಾಕಿಸುತ್ತೇನೆ, ಮಗು ಅತ್ತರೆ ಅದು ಮಿಣುಕುತ್ತದೆ ಎಂದ. ಅಜ್ಜಿ ಹ್ಞೂಂ ಅಂದರು, ಒಂದು ಷರತ್ತಿನ ಮೇಲೆ. "ತಿಂಗಳ ಕೊನೆಗೆ ನನ್ನ ಟಿಕೆಟ್ ಇದೆ. ಅಲ್ಲೀವರೆಗೆ ಇಲ್ಲೇ ಕೂತು ನೋಡ್ತೀನಿ. ಒಂದೇ ಒಂದ್ಸಲ ಮಗು ಅತ್ತು ನೀವು ಏಳದೇ ಇದ್ರೂ, ಚೀಲ ತುಂಬಿಸ್ತೀನಿ."

ಶಬ್ದಕ್ಕೆ ಉರಿಯುವ ದೀಪಕ್ಕೆ ಒಂದು ಪುಟ್ಟ ಡಬ್ಬಿ ಬೇಕು. ಒಳಗೆ ಮೈಕು, ಪಕ್ಕದಲ್ಲಿ ಒಂದು ತಿರುಪು. ಎಷ್ಟು ಶಬ್ದಕ್ಕೆ ದೀಪ ಉರಿಯಬೇಕೆಂದು ಆ ತಿರುಪು ತಿರುಗಿಸಿ ಕೂರಿಸಬೇಕು. ಮಿಣುಕಣ್ಣ ಅದನ್ನು ಕಿವಿಡಬ್ಬಿ ಎನ್ನುತ್ತಾರೆ. ಯಾವಾಗಲೂ ಹೆಂಡತಿಯನ್ನು ಕೋಣೆಯಲ್ಲಿ ನಿಲ್ಲಿಸಿ, ಮಾತಾಡಿಸಿ, ಕೆಮ್ಮಿಸಿ, ಕೂಗಿಸಿ ತಿರುಪು ಕೂರಿಸುವುದು ಪದ್ಧತಿ. ಅಂದು ಹೆಂಡತಿಗೆ ಜ್ವರ. ನಾನೊಬ್ಬನೇ ಸಾಕು ಎಂದು ಇವರು ಹೊರಟರು. ಚಪ್ಪಾಳೆ ತಟ್ಟಿದರು, ದೀಪ ಉರಿಯಿತು. ಗೋಡೆ ಗುದ್ದಿದರು, ಉರಿಯಿತು. ಇನ್ನಷ್ಟು ಚುರುಕಾಗಿರಲಿ, ಮಗುವಿನ ವಿಷಯ, ಎಂದು ತಿರುಪನ್ನು ಕೊನೆಯವರೆಗೂ ತಿರುಗಿಸಿ ಮನೆಗೆ ಬಂದರು.

ಮರುದಿನದಿಂದ ಆ ಮನೆಯಲ್ಲಿ ದೀಪಾವಳಿ. ಕುಕ್ಕರ್ ಕೂಗಿದರೆ ದೀಪ, ಮೇಲಿನ ಮನೆಯವರು ಕುರ್ಚಿ ಎಳೆದರೆ ದೀಪ, ಬೀದಿಯಲ್ಲಿ ಲಾರಿ ಹೋದರೆ ದೀಪ. ತಾಯಿ ಎದ್ದೆನೋ ಬಿದ್ದೆನೋ ಎಂದು ಓಡಿ ಬರುತ್ತಾಳೆ, ಮಗು ತಣ್ಣಗೆ ಮಲಗಿರುತ್ತದೆ. ಆಮೇಲೆ ಅವಳು ಮಿಣುಕಣ್ಣನ ಹೆಂಡತಿಯನ್ನು ಕೇಳಿದ್ದು ಇದನ್ನೇ: "ಪ್ರಪಂಚ ಇಷ್ಟೊಂದು ಗಲಾಟೆ ಮಾಡುತ್ತಾ? ನೀವೆಲ್ಲ ಅದು ಹೇಗೆ ಬದುಕ್ತೀರಿ?"

ಮೂರನೇ ದಿನ ಮಧ್ಯಾಹ್ನ ಅನಾಹುತವಾಯಿತು. ಅಜ್ಜಿ ಮಂಚದ ಮೇಲೆ ಅಡ್ಡಾಗಿದ್ದರು. ದೀಪ ಉರಿಯತೊಡಗಿತು, ಆರಿತು, ಉರಿಯಿತು, ಆರಿತು, ನಿಲ್ಲುವ ಸೂಚನೆಯೇ ಇಲ್ಲ. ಮಗಳು ಹೋಗಿ ನೋಡಿದಳು, ಮಗು ಮಲಗಿದೆ. ಮತ್ತೆ ಹೋದಳು, ಮಲಗಿದೆ. ಓಡಾಡಿ ಓಡಾಡಿ ಸುಸ್ತಾಗಿದ್ದವಳು ಈ ದೀಪದ ಸಹವಾಸವೇ ಸಾಕೆಂದು ಬೆನ್ನು ತಿರುಗಿಸಿ ಬಟ್ಟೆ ಮಡಚಲು ಕೂತಳು. ಅಷ್ಟರಲ್ಲಿ ಮಗು ನಿಜವಾಗಿಯೂ ಎದ್ದು ಅಳತೊಡಗಿತು. ಅಳುವಿಗೆ ಎಚ್ಚರವಾದ ಅಜ್ಜಿ ಕಣ್ಣು ಬಿಟ್ಟು ನೋಡಿದರೆ, ತೊಟ್ಟಿಲಲ್ಲಿ ಮಗು ಕಿರುಚುತ್ತಿದೆ, ಕೈಯಳತೆಯ ದೂರದಲ್ಲಿ ಮಗಳು ಆರಾಮಾಗಿ ಅಂಗಿ ಮಡಚುತ್ತಿದ್ದಾಳೆ.

ಸುದ್ದಿ ಸಿಕ್ಕಿ ಮಿಣುಕಣ್ಣ ದಂಪತಿ ಹೋಗಿ ತಲುಪುವ ಹೊತ್ತಿಗೆ ಖಾಲಿ ಚೀಲ ಅರ್ಧ ತುಂಬಿತ್ತು. ಅಳಿಯ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಅಡ್ಡ ನಿಂತಿದ್ದ. ಮಗಳು ಒಂದೇ ಸಮನೆ ಅದನ್ನೇ ಹೇಳುತ್ತಿದ್ದಳು: ದೀಪ ಸುಮ್ಮಸುಮ್ಮನೆ ಉರಿಯುತ್ತಿತ್ತು, ಹೀಗೆ, ಹೀಗೆ. ಮುಷ್ಟಿ ತೆರೆದು ಮುಚ್ಚಿ ತೋರಿಸಿದಳು. ಉದ್ದಕ್ಕೊಂದು ಸಲ, ತುಸು ಬಿಡುವು, ಮತ್ತೆ ಉದ್ದಕ್ಕೊಂದು ಸಲ.

"ಆ ತಾಳ ನೋಡಿದ ತಕ್ಷಣ ನಂಗೆ ಗೊತ್ತಾಗೋಯ್ತು," ಎನ್ನುತ್ತಾರೆ ಹೆಂಡತಿ. "ಗೊರಕೆ! ನಮ್ಮನೇಲೂ ಒಬ್ಬರಿದ್ದಾರಲ್ಲ, ಇಷ್ಟು ವರ್ಷವಾದ್ರೂ ಒಪ್ಕೊಂಡಿಲ್ಲ." ನಗು ತಡೆಯಲಾಗದೆ ಅವರು ಸೆರಗು ಬಾಯಿಗೆ ತುರುಕಿಕೊಂಡರು. ಅಜ್ಜಿಗೆ ಹೇಳುವುದು ಹೇಗೆ? ಹೇಳಿದರು. ಅಜ್ಜಿ ಕೆಂಡಾಮಂಡಲವಾದರು. ನನ್ನ ವಂಶದಲ್ಲೇ ಯಾರೂ ಗೊರಕೆ ಹೊಡೆದವರಿಲ್ಲ ಎಂದರು. ಆಗ ಅಳಿಯ, ಪಾಪ, ಸಹಾಯ ಮಾಡಲು ಹೋಗಿ ಸನ್ನೆ ಮಾಡಿದ: "ನನಗೂ ಕೇಳಿಸಲ್ಲ. ಆದ್ರೆ ಮಂಚಕ್ಕೆ ಒರಗಿ ಕೂತ್ರೆ ಬೆನ್ನಿಗೆ ಗೊತ್ತಾಗುತ್ತೆ." ಅದನ್ನು ಅನುವಾದಿಸದೆ ಬಿಡುವುದೇ ಕ್ಷೇಮವೆಂದು ಹೆಂಡತಿ ಬಿಟ್ಟರು.

ಮಿಣುಕಣ್ಣ ನಗಲಿಲ್ಲ. ಅಜ್ಜಿಯ ಎದುರು ಹೋಗಿ ನಿಂತು ಎದೆಗೆ ಕೈ ಇಟ್ಟುಕೊಂಡರು. "ತಪ್ಪು ನಂದು. ಇವಳದ್ದಲ್ಲ. ನಾನು ನನ್ನ ಕಣ್ಣು ನಂಬಿಕೊಂಡು ತಿರುಪು ಕೂರಿಸಿದೆ. ಟಿಕೆಟ್ ದಿನದವರೆಗೆ ನಂಗೊಂದು ಅವಕಾಶ ಕೊಡಿ."

ಅಜ್ಜಿ ಚೀಲದ ಪಕ್ಕ ಕೂತರು. ಸಿಟ್ಟಿನಲ್ಲೇ ಶುರು ಮಾಡಿದ ಮಾತು ಬೇರೆಲ್ಲಿಗೋ ಹೋಯಿತು. "ಬರೀ ಓಡಿ ಬರೋದಲ್ಲ ಕಣಮ್ಮ. ಮಗು ಅತ್ರೆ ನಾವು ಒಲೆ ಮುಂದಿಂದಲೇ 'ಬಂದೇ, ಬಂದೇ' ಅಂತೀವಿ. ಆ ದನಿಗೇ ಅರ್ಧ ಅಳು ನಿಲ್ಲುತ್ತೆ. ನನ್ನ ಮಿಕ್ಕ ಮಕ್ಕಳು ಸುಮ್ಮನಾಗೋವು. ಇವಳು ಮಾತ್ರ ನಾನು ಕಣ್ಣೆದುರಿಗೆ ಬರೋವರೆಗೂ ಕಿರುಚ್ತಿದ್ಳು. ಹಟಮಾರಿ ಅಂತ ಬೈದಿದ್ದೀನಿ, ಹೊಡೆದಿದ್ದೀನಿ. ಕೇಳಿಸ್ತಾ ಇಲ್ಲ ಅಂತ ಯಾರಿಗೆ ಗೊತ್ತಿತ್ತು? ಈಗ ಇವಳ ಮಗು ಅತ್ರೆ 'ಬಂದೇ' ಅನ್ನೋರು ಯಾರು?"

ಹೆಂಡತಿ ಅಷ್ಟನ್ನೂ ಕೈಗೆ ತಂದರು. ಮಗಳು ನೋಡುತ್ತಲೇ ಇದ್ದಳು, ಕಣ್ಣು ತುಂಬಿ ಬಂದರೂ ಒರೆಸಿಕೊಳ್ಳಲಿಲ್ಲ. ಒರೆಸಿಕೊಂಡರೆ ಮಾತು ತಪ್ಪಿಹೋಗುತ್ತದೆ. ಮಿಣುಕಣ್ಣ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಗೋಡೆಯ ಮೇಲೆ ಗುರುತು ಹಾಕತೊಡಗಿದರು.

ಕಿವಿಡಬ್ಬಿಯನ್ನು ಮಂಚದ ಕಡೆಯಿಂದ ಕಿತ್ತು ತೊಟ್ಟಿಲ ಕಂಬಕ್ಕೇ ಕಟ್ಟಿದರು, ಮೂರು ಕಡೆ ಬಟ್ಟೆ ಸುತ್ತಿದರು. ತಿರುಪು ಕೂರಿಸಲು ಹೆಂಡತಿ ಮಗುವಿನ ಹಾಗೆ ಅತ್ತು ತೋರಿಸಬೇಕಾಯಿತು. ಎಷ್ಟು ಚೆನ್ನಾಗಿ ಅತ್ತರೆಂದರೆ ಮೇಲಿನ ಮನೆಯವರು ಇಳಿದು ಬಂದು ವಿಚಾರಿಸಿದರು. ಆಮೇಲೆ ಮಿಣುಕಣ್ಣ ತೊಟ್ಟಿಲಿಂದ ತುಸು ಎತ್ತರದಲ್ಲಿ, ಮಗುವಿನ ಕಣ್ಣಿಗೆ ಬೀಳುವ ಹಾಗೆ, ಒಂದು ಪುಟ್ಟ ಹಳದಿ ದೀಪ ಕೂರಿಸಿದರು. ಅದರ ಗುಂಡಿಗಳು ಅಡುಗೆಕಟ್ಟೆಯ ಬಳಿ ಒಂದು, ಬಚ್ಚಲ ಬಾಗಿಲಲ್ಲಿ ಒಂದು. ಸೆಲ್ಲಿನಿಂದ ಉರಿಯುವಂಥದ್ದು, ಒದ್ದೆ ಕೈಗೆ ಅಪಾಯವಿಲ್ಲ. ಮಗು ಅತ್ತರೆ ತಾಯಿಗೆ ಬಿಳಿ ದೀಪ. ತಾಯಿ ಗುಂಡಿ ಒತ್ತಿದರೆ ಮಗುವಿಗೆ ಹಳದಿ ದೀಪ, ಎರಡು ಸಲ. ಅಜ್ಜಿ ಏನಿದು ಎಂದು ಗದ್ದ ಎತ್ತಿ ಕೇಳಿದರು. "ಬಂದೇ, ಬಂದೇ," ಎಂದರು ಹೆಂಡತಿ.

ದಿನಗಳು ಕಳೆದವು. ಅಜ್ಜಿ ಮಂಚದ ಮೇಲೆ ಕಣ್ಣಲ್ಲಿ ಕಣ್ಣಿಟ್ಟು ಕೂತಿದ್ದರು, ಮಧ್ಯಾಹ್ನದ ನಿದ್ದೆಯನ್ನೂ ಬಿಟ್ಟರು. ಗೊರಕೆಯ ಮಾತು ಅಷ್ಟು ಚುಚ್ಚಿತ್ತು. ಅರ್ಧ ತುಂಬಿದ ಚೀಲ ಮಂಚದ ಕೆಳಗೇ ಇತ್ತು. ಮುಂದೆ ನಡೆದದ್ದನ್ನು ಅಜ್ಜಿಯೇ ಮಿಣುಕಣ್ಣನ ಹೆಂಡತಿಗೆ ಹೇಳಿದ್ದಾರೆ. ಮಗಳು ಬಚ್ಚಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮಗು ಎದ್ದು ಅತ್ತಿತು. ಅಜ್ಜಿ ಅಭ್ಯಾಸಬಲದಿಂದ ಎದ್ದು ಕೈ ಚಾಚಿಕೊಂಡು ಎರಡು ಹೆಜ್ಜೆ ಇಟ್ಟರು. ಅಷ್ಟರಲ್ಲಿ ಹಳದಿ ದೀಪ ಎರಡು ಸಲ ಮಿಣುಕಿತು.

"ಅಳು ನಿಂತೇಹೋಯ್ತು ಕಣಮ್ಮ. ಒಂದೆರಡು ಬಿಕ್ಕಳಿಕೆ, ಅಷ್ಟೆ. ನಾನು ಎದುರಿಗೇ ನಿಂತಿದ್ದೀನಿ, ನನ್ನ ಕಡೆ ತಿರುಗಿಯೂ ನೋಡ್ಲಿಲ್ಲ. ದೀಪಾನೇ ನೋಡ್ಕೊಂಡು ಕಾಯ್ತಾ ಇತ್ತು. ಅವಳು ಕೈ ತೊಳ್ಕೊಂಡು, ಒರೆಸ್ಕೊಂಡು, ನಿಧಾನಕ್ಕೆ ಬಂದ್ಳು. ಅಮ್ಮ ಬರ್ತಾಳೆ ಅಂತ ಅದಕ್ಕೆ ಗೊತ್ತಿತ್ತು."

ಟಿಕೆಟ್ ದಿನ ಅಜ್ಜಿ ಒಬ್ಬರೇ ಹೊರಟರು. ಮಗುವಿನ ಬಟ್ಟೆಗಳನ್ನು ತಾವೇ ಕಪಾಟಿಗೆ ಜೋಡಿಸಿ, ಖಾಲಿ ಚೀಲವನ್ನು ತಮ್ಮ ಚೀಲದೊಳಗೆ ಮಡಚಿ ಇಟ್ಟುಕೊಂಡಿದ್ದರು. ಅಷ್ಟು ದಿನವೂ ಹೊರಗೆ ಹೋಗಿ ಬಂದಾಗಲೆಲ್ಲ ಅವರು ಅಂಗೈಯಿಂದ ಬಾಗಿಲು ಬಡಿಯುತ್ತಿದ್ದರು, ಬೆಲ್ಲಿನ ಗುಂಡಿ ಮುಟ್ಟಿದವರಲ್ಲ. ಅಂದು ಹೊಸ್ತಿಲು ದಾಟಿದ ಮೇಲೆ ಬಾಗಿಲನ್ನು ತಾವೇ ಎಳೆದು ಮುಚ್ಚಿ, ಗುಂಡಿ ಒತ್ತಿದರು. ಬಾಗಿಲು ತೆರೆಯಿತು, ಮಗಳು ನಿಂತಿದ್ದಳು. ಅಜ್ಜಿ ಅವಳ ಕೆನ್ನೆ ಸವರಿ ಮೆಟ್ಟಿಲಿಳಿದರು.

ಈಗ ಮಿಣುಕಣ್ಣನ ಮನೆಯಲ್ಲಿ ಪ್ರಯಾಣದ ಸಿದ್ಧತೆ. ಕಿರಿದಾದ ಕೋಣೆ, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ವೈರುಗಳು, ಕಿಟಕಿಯಲ್ಲಿ ಸಾಲಾಗಿ ಹೋಲ್ಡರುಗಳು. ಹೆಂಡತಿ ಚೀಲಕ್ಕೆ ಬಟ್ಟೆ ತುಂಬುತ್ತಿದ್ದರೆ ಗಂಡ ಅದನ್ನು ತೆಗೆದು ಡ್ರಿಲ್ ಇಡುತ್ತಿದ್ದಾರೆ. ನಾಳೆ ಬೆಳಗಿನ ರೈಲು. ಅಜ್ಜಿ ಫೋನ್ ಮಾಡಿದ್ದಾರೆ, ತಮ್ಮ ಮನೆಗೊಂದು ದೀಪದ ಬೆಲ್ ಬೇಕಂತೆ, ತೊಟ್ಟಿಲ ಬಳಿ ಹಳದಿಯದೂ ಬೇಕಂತೆ.

"ನಾನು ಕೇಳ್ದೆ, ನಿಮಗ್ಯಾಕಮ್ಮ, ಕಿವಿ ಚೆನ್ನಾಗಿದೆಯಲ್ಲ ಅಂತ," ಎನ್ನುತ್ತಾರೆ ಹೆಂಡತಿ. "ಅದಕ್ಕೆ ಏನಂದ್ರು ಗೊತ್ತಾ? 'ಮುಂದಿನ ತಿಂಗಳು ಮಗಳು ಮಗೂನ ಕರ್ಕೊಂಡು ಬರ್ತಾಳೆ. ಅವಳು ಹುಟ್ಟಿ ಬೆಳೆದ ಮನೆ ಇದು. ಇಷ್ಟು ವರ್ಷದಲ್ಲಿ ಅವಳಿಗೆ ಕಾಣೋ ಹಾಗೆ ಒಂದ್ಸಲನೂ ಯಾರೂ ಬಾಗಿಲು ತಟ್ಟಿಲ್ಲ.'"

ಇಷ್ಟೆಲ್ಲ ಮನೆಗಳಿಗೆ ಬೆಳಕು ಕೊಟ್ಟವರಿಗೆ ಏನಾದರೂ ಆಸೆ ಉಂಟೇ? ಹೆಂಡತಿ ಪ್ರಶ್ನೆಯನ್ನು ಕೈಗಿಳಿಸುತ್ತಾರೆ. ಮಿಣುಕಣ್ಣ ಡ್ರಿಲ್ಲನ್ನು ಟವೆಲಿನಲ್ಲಿ ಸುತ್ತಿ, ಚೀಲದ ಜಿಪ್ ಎಳೆದು, ಕೈ ಬಿಡುವು ಮಾಡಿಕೊಂಡು ಉತ್ತರ ಕೊಡುತ್ತಾರೆ. ಈ ಸಲ ಹೆಂಡತಿ ಒಗ್ಗರಣೆ ಹಾಕುವುದಿಲ್ಲ.

"ಆ ಮನೇಲಿ ಮೊದಲ ಬೆಲ್ ನಾನು ಒತ್ತಲ್ಲ. ಅಜ್ಜೀನೇ ಹೊರಗೆ ನಿಂತು ಒತ್ತಲಿ. ನಾನು ಒಂದ್ಸಲ ಒಳಗಿದ್ದು, ಆ ಮೊದಲ ದೀಪ ಹತ್ತೋದನ್ನ ನೋಡ್ಬೇಕು."